ಏಕಾಂತಯ್ಯನವರ ಎರಡನೆಯ ಕುದುರೆ

ಬಿಳಿ ಕುದುರೆ ಟೆಂಪೋದಿಂದ ಬಾಲ ಎತ್ತಿಕೊಂಡೇ ಇಳಿಯಿತು. ರಗಳೆ ಶುರುವಾದದ್ದೇ ಅಲ್ಲಿಂದ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಏಕಾಂತಯ್ಯನವರ ಮನೆ ಇರುವುದು ಹಳೇಬೀಡಿನಲ್ಲಿ. ಮಗಳು ಶಿಲ್ಪಾ ಮೈಸೂರಿನಲ್ಲಿ ಕುದುರೆ ಸವಾರಿ ಕಲಿತಿದ್ದಳು. ಸ್ಪರ್ಧೆಗೆ ಅಸಲಿ ಅರಬ್ಬಿ ಕುದುರೆಯೇ ಬೇಕು, ಬೇರೆಯದಾದರೆ ಸೇರಿಸಿಕೊಳ್ಳುವುದೇ ಇಲ್ಲ ಎಂದಿದ್ದಳು. ಗೆಂಡೆಹಳ್ಳಿಯ ಕುದುರೆ ವ್ಯಾಪಾರಿ ಧರ್ಮೇಶನಿಗೆ ಮೂರು ಲಕ್ಷ ಎಣಿಸಿ ತರಿಸಿದ ಕುದುರೆ ಇದು. ಸಂಜೆ ಮಗಳು ಬಂದು ನೋಡುವವಳಿದ್ದಳು.

"ಬಾಲ ಎತ್ಕೊಂಡೇ ಐತಲ್ಲ ಸಾವ್ಕಾರ್ರೇ, ಹೊಟ್ಟೆ ಕೆಟ್ಟೈತೇನೋ!" ಎಂದಳು ಹಾಲು ತಂದ ಮುನಿಯಮ್ಮ.

ಪಕ್ಕದ ಮನೆಯ ಯೋಗನರಸಿಂಹ ಮೇಷ್ಟ್ರು ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಚರಿತ್ರೆ ಬಲ್ಲವರು ಕುದುರೆಯನ್ನೂ ಬಲ್ಲರು ಎಂದು ಅವರ ನಂಬಿಕೆ.

"ಇದೇನ್ರೀ ಮೂತಿ? ಯಾರೋ ಗುದ್ದಿದ ಹಾಗೆ ಒಳಗೆ ಹೋಗಿದೆ! ಕುದುರೆ ಹೇಗಿರಬೇಕು ಅಂತ ನಮ್ಮೂರ ದೇವಸ್ಥಾನದಲ್ಲಿ ಕೆತ್ತೇ ಇಟ್ಟಿದ್ದಾರೆ. ನಡೀರಿ, ತಾಳೆ ನೋಡೇಬಿಡೋಣ."

ಕುದುರೆಯನ್ನು ದೇವಸ್ಥಾನದ ಬೇಲಿಯ ಹೊರಗೆ ನಿಲ್ಲಿಸಿ, ಫೋನಿನಲ್ಲಿ ಅದರ ಫೋಟೋ ಹಿಡಿದು, ಮೇಷ್ಟ್ರು ಗೋಡೆಯ ಕುದುರೆ ಸಾಲನ್ನು ಒಂದೊಂದಾಗಿ ನೋಡುತ್ತಾ ಹೋದರು. ದಾರಿಯಲ್ಲಿ ನಾಲ್ಕು ಜನ ಪ್ರವಾಸಿಗರೂ ಸೇರಿಕೊಂಡು ತಲೆಯಾಡಿಸಿದರು. ಒಂದೂ ಹೊಂದಲಿಲ್ಲ.

"ಮೂತಿ ನೆಟ್ಟಗಿಲ್ಲ, ಬಾಲ ಇಳಿಬಿದ್ದಿಲ್ಲ, ಆಳೂ ಗಿಡ್ಡ. ಅರಬ್ಬಿಯೂ ಅಲ್ಲ, ಮಣ್ಣೂ ಅಲ್ಲ. ಮಾದಿಹಳ್ಳಿ ಕಡೆ ಮೂಟೆ ಹೊರೋ ತಟ್ಟು ಕಣ್ರೀ ಇದು!"

ಏಕಾಂತಯ್ಯನವರ ಮೈ ಉರಿದುಹೋಯಿತು. ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಕುಲುಕಿ ಒಳಗಿನ ಹುಳುಕು ಹೇಳುವ ತಮಗೇ ಟೋಪಿ ಹಾಕುವುದೇ? ಅದೇ ಟೆಂಪೋದಲ್ಲಿ ಕುದುರೆ, ಮೇಷ್ಟ್ರು, ಸಿಟ್ಟು ಮೂರನ್ನೂ ತುಂಬಿಕೊಂಡು ಗೆಂಡೆಹಳ್ಳಿಗೆ ಹೊರಟರು.

"ಅರಬ್ಬಿ ಅಂದ್ರೆ ಹಿಂಗೇ ಇರೋದು ಸಾವ್ಕಾರ್ರೇ," ಎಂದ ಧರ್ಮೇಶ. "ಆ ಮೂತಿ, ಆ ಬಾಲಾನೇ ಗುರುತು. ಕಾಗದ ಐತೆ, ತೋರಿಸ್ಲಾ?"

"ಕಾಗದ ಯಾರಿಗೆ ಬೇಕಯ್ಯಾ? ನಾವು ಕಲ್ಲು ನೋಡಿ ಬಂದಿದೀವಿ!" ಎಂದರು ಮೇಷ್ಟ್ರು.

ಊರೆಲ್ಲ ಸೇರುವ ಹಾಗೆ ಏಕಾಂತಯ್ಯನವರು ಬೈದರು. ಅವರು ಉಸಿರು ತೆಗೆದುಕೊಳ್ಳುವಾಗ ಮೇಷ್ಟ್ರು ಬೈದರು. ಧರ್ಮೇಶ ಎಲ್ಲವನ್ನೂ ಕೇಳಿಸಿಕೊಂಡು, "ನಿಮಗೆ ಹೆಂಗಿರಬೇಕು, ಸರಿಯಾಗಿ ಹೇಳಿಬಿಡಿ," ಎಂದ. ಮೇಷ್ಟ್ರು ಹೇಳಿದರು.

"ನಮ್ಮ ಮಾವನ ತಾವ ಅಂಥದ್ದೊಂದೈತೆ. ಇದನ್ನ ಬಿಟ್ಟೋಗಿ, ನಾಲ್ಕು ಗಂಟೆಗೆ ಅದನ್ನ ತತ್ತೀನಿ. ಮೇಲೆ ನಲವತ್ತು ಸಾವಿರ ಆಯ್ತದೆ."

"ಅಸಲಿ ಮಾಲಿಗೆ ಕೊಡೋಕೆ ನಾನು ಹಿಂದೆ ಮುಂದೆ ನೋಡೋನಲ್ಲ!"

ನಾಲ್ಕಕ್ಕೆ ಸರಿಯಾಗಿ ಕುದುರೆ ಬಂತು. ಕೆಂಪು ಮೈ, ಹಣೆಯಿಂದ ಮೂಗಿನವರೆಗೆ ನೆಟ್ಟನೆಯ ಹಿತ್ತಾಳೆ ಪಟ್ಟಿ, ತಲೆಯ ಮೇಲೆ ಮೊಳದುದ್ದದ ತುರಾಯಿ, ಹೆಣೆದು ಬಿಗಿದ ಬಾಲ. ಮೇಷ್ಟ್ರು ಎರಡು ಸುತ್ತು ಹಾಕಿ, "ಇದು ನೋಡಿ ಅರಬ್ಬಿ!" ಎಂದರು. ಮುನಿಯಮ್ಮ ದೃಷ್ಟಿ ತೆಗೆದಳು. ಏಕಾಂತಯ್ಯನವರು ದುಡ್ಡು ಕೊಟ್ಟು, ಕಾಫಿಯನ್ನೂ ಕುಡಿಸಿ ಧರ್ಮೇಶನನ್ನು ಕಳಿಸಿದರು.

ಸಂಜೆ ಬಂದ ಶಿಲ್ಪಾ ನೇರವಾಗಿ ಹಿತ್ತಿಲಿಗೆ ಹೋದಳು. "ಅಯ್ಯೋ, ಪಾಪ! ಬಾಲ ಯಾಕಪ್ಪಾ ಕಟ್ಟಿಸಿದೀರಾ? ಮೈಯೆಲ್ಲ ಎಂಥ ಧೂಳು!" ಎನ್ನುತ್ತಾ ಎರಡು ಬಕೆಟ್ ನೀರು ಸುರಿದಳು.

ಕೆಮ್ಮಣ್ಣು ಚರಂಡಿಯತ್ತ ಹರಿಯಿತು. ಪಟ್ಟಿ ಬಿಚ್ಚಿದಳು, ಬಾಲದ ಗಂಟು ಬಿಚ್ಚಿದಳು. ಬೆಳಿಗ್ಗೆಯ ಬಿಳಿ ಕುದುರೆ ಬಾಲ ಎತ್ತಿಕೊಂಡು ಏಕಾಂತಯ್ಯನವರನ್ನೇ ನೋಡುತ್ತಾ ನಿಂತಿತು.

"ಅಸಲಿ ಅರಬ್ಬಿ ಅಪ್ಪಾ! ಈ ಮೂತಿ, ಈ ಬಾಲ ನೋಡಿದ್ರೇ ಸಾಕು!" ಎಂದು ಮಗಳು ಕುಣಿದಾಡಿದಳು.

ಏಕಾಂತಯ್ಯನವರು ಫೋನು ಮಾಡಿದರು. "ಏನ್ಲಾ ಧರ್ಮೇಶ, ಒಂದೇ ಕುದುರೇನ ಎರಡು ಸಲ ಮಾರ್ತೀಯಾ? ನಲವತ್ತು ಸಾವಿರ ಯಾತಕ್ಲಾ?"

ಆ ಕಡೆಯ ಸಿಟ್ಟು ಇನ್ನೂ ಜೋರಾಗಿತ್ತು. "ನಿಜವಾದ್ದನ್ನ ಕೊಟ್ರೆ ತಟ್ಟು ಅಂದ್ರಿ. ನೀವು ಹೇಳಿದಂಥ ಕುದುರೇನ ದೇವ್ರೇ ಹುಟ್ಟಿಸಿಲ್ಲ. ನಾನು ಮಾಡಿಕೊಟ್ಟೆ. ಕೂಲಿ ಬ್ಯಾಡ್ವಾ ಸಾವ್ಕಾರ್ರೇ?"

ಏಕಾಂತಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಮೂಡಿತು.

"ಅಯ್ಯಯ್ಯೋ, ಇದರ ಬಾಲವೂ ಎದ್ದುಬಿಡ್ತಲ್ರೀ! ಟೆಂಪೋಗೆ ಹೇಳಲಾ?"