ಮಾವನ ಬೆಲ್ಜಿಯಂ ಬ್ಯಾಂಡು

ನಮ್ಮ ಸೋದರಮಾವ ಒಂದು ರಾಗವನ್ನೂ ಕಲಿಯದೆ ನಾಲ್ಕು ತಾಲೂಕಿನ ಸಂಗೀತ ಕೆಡಿಸಿದವರು! ಇದು ನನ್ನ ಆರೋಪವಲ್ಲ, ಅತ್ತೆಯದು.

ಮಾವನದು ಪಾಂಡವಪುರದಲ್ಲಿ ಕಬ್ಬಿಣದ ಕುಲುಮೆ. ಅವರ ಪ್ರಾಯದಲ್ಲಿ, ಶ್ರೀರಂಗಪಟ್ಟಣ ನೋಡಲು ಬಂದ ಬೆಲ್ಜಿಯಂ ದೇಶದವನೊಬ್ಬನ ಸೈಕಲ್ ಮುರಿಯಿತು. ಮಾವ ಬೆಸುಗೆ ಹಾಕಿಕೊಟ್ಟರು; ಅವನು ಖುಷಿಯಾಗಿ ಕ್ಯಾಸೆಟ್ ಕೊಟ್ಟ. ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್ಕಂತೆ! ಆ ಬಗೆಯ ಸಂಗೀತ ಹುಟ್ಟುಹಾಕಿದ ಅವನ ದೇಶದ ತಂಡದ್ದೇ ಅಂತೆ. ಆಲಾಪವಿಲ್ಲ, ಪಲ್ಲವಿಯಿಲ್ಲ, ಯಂತ್ರದ ಬಡಿತ, ಅದರ ಮೇಲೆ ಒಂದಿಷ್ಟು ಅಬ್ಬರ. ಮಾವ ಮಾತ್ರ ಕಣ್ಣರಳಿಸಿದರು.

"ಇದು ನಮ್ ಕುಲ್ಮೆ ಸದ್ದು ಕಣ್ಲಾ! ಅಷ್ಟು ದೂರದೋರ್ಗೆ ಎಂಗ್ಲಾ ಗೊತ್ತಾಯ್ತು?"

ತಡವೇಕೆ? ಹಳೇ ಕೀಬೋರ್ಡು ಬಂತು. ಕುಲುಮೆಯಲ್ಲಿ ಸಮ್ಮಟಿಗೆ ಹೊಡೆಯುತ್ತಿದ್ದ ಗೆಳೆಯ ತಗಡು ಬಡಿಯಲು ನಿಂತ. ಬ್ಯಾಂಡು ಸಿದ್ಧ! ಮೊದಲ ಕಾರ್ಯಕ್ರಮ ಕೆ.ಆರ್. ಪೇಟೆಯ ಆರತಕ್ಷತೆಯಲ್ಲಿ. ಕುಲುಮೆಯಲ್ಲಿ ಒಂದು ಪದ್ಧತಿಯುಂಟು: ಆಚಾರ್ರು ಕಾದ ಕಬ್ಬಿಣ ಬಿಟ್ಟು, ಅದನ್ನಿಟ್ಟು ಬಡಿಯುವ ಅಡಿಗಲ್ಲನ್ನೇ ಸುತ್ತಿಗೆಯಿಂದ ಟಣ್ ಎನಿಸಿದರೆ ಸಮ್ಮಟಿಗೆಯವನು ನಿಲ್ಲಿಸಬೇಕು. ಅಡಿಗಲ್ಲು ಭಾರವೆಂದು ಮಾವ ಕುಲುಮೆಯಲ್ಲೇ ಬಿಟ್ಟುಬಂದಿದ್ದರು. ಗೆಳೆಯ ನಿಲ್ಲಿಸುವುದು ಹೇಗೆ? ಗಂಡು ಹೆಣ್ಣು ಊಟ ಮುಗಿಸಿ ಹೊರಟರೂ ಬಡಿಯುತ್ತಲೇ ಇದ್ದ!

ಬ್ಯಾಂಡು ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಪ್ರಭಾವ? ನಾಗಮಂಗಲದ ಆರ್ಕೆಸ್ಟ್ರಾದವರು ಡ್ರಮ್ ಪ್ಯಾಡ್ ತಂದಾಗ ಮಾವ, "ನಮ್ಮುನ್ನೇ ಕಾಪಿ ಒಡೀತಾವ್ರೆ" ಎಂದು ಎದೆಯುಬ್ಬಿಸಿದರು. ಬೆಳ್ಳೂರಿನಲ್ಲಿ ಹಿಟ್ಟಿನ ಗಿರಣಿ ಶುರುವಾದಾಗಲೂ ಅದೇ ಮಾತು!

ಸಂಜೆಯಾದರೆ ಮನೆಯಲ್ಲಿ ಆ ಕ್ಯಾಸೆಟ್ಟು. ಅಡುಗೆಮನೆಯಿಂದ ಅತ್ತೆ ಕೂಗುವರು: "ನಿಲ್ಲುಸ್ತೀರೋ, ನಾನು ಒಸೊಳಲಿಗೆ ಒಂಟೋಗ್ಲೋ?" ಹೊಸಹೊಳಲು ಅವರ ತವರು. ಮಾವ ಸದ್ದು ಇನ್ನಷ್ಟು ಏರಿಸಿ ನನಗೆ ಹೇಳುವರು: "ಬಯ್ದ್ರೂ ಒಂದಿನಾನೂ ತಪ್ಪುಸ್ದೆ ಕೇಳವ್ಳೆ ಕಣ್ಲಾ!"

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆದು ಮಾತು ನಿಂತಿತು. ಮಾವ ಟೇಪ್ ರೆಕಾರ್ಡರಿಗೆ ಟವಲು ಮುಚ್ಚಿದರು. ಹೇಗಾದರೂ ಮಾತಾಡಿಸಿ ಎಂದರು ಡಾಕ್ಟರು. ಮಕ್ಕಳು, ನಂಟರು ಎಲ್ಲರೂ ಮಾತಾಡಿಸಿದರು. ಅತ್ತೆ ತುಟಿ ಬಿಚ್ಚಲಿಲ್ಲ.

ಮೊನ್ನೆ ಹೋದಾಗ ಬೀದಿಗೇ ಕೇಳುತ್ತಿತ್ತು ಆ ಗದ್ದಲ. ಕಾಯಿಲೆಯವರ ಮುಂದೆ ಇದೇನೆಂದು ಸಿಟ್ಟಿನಿಂದಲೇ ಒಳಗೆ ಹೋದೆ. ಮಾವ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

"ಬಯ್ಯೇ... ಒಂದ್ಸಲ ಬಯ್ಯೇ."

ಅತ್ತೆಯ ತುಟಿ ಬಹಳ ಹೊತ್ತು ಒದ್ದಾಡಿತು.

"ಸಾ... ಸಾಕು."

ಮಾವ ತಟ್ಟನೆ ಟೇಪ್ ಆರಿಸಿ, ಅವರ ಕೈ ಹಿಡಿದು ಗಳಗಳನೆ ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಅನ್ನೇ" ಎನ್ನುತ್ತ ಮತ್ತೆ ಹಾಕಿದರು.