ದ್ವಿತೀಯಾರ್ಧ ನೋಡದ ವಿಮರ್ಶಕ

ಹಲ್ಲಿನ ಡಾಕ್ಟರಾಗಿರುವುದರಲ್ಲಿ ಒಂದು ದೊಡ್ಡ ಸುಖವಿದೆ. ನಾವು ಏನು ಹೇಳಿದರೂ ಎದುರಿಗಿರುವವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. (ಈ ಸೌಲಭ್ಯ ಕ್ಲಿನಿಕ್ಕಿಗೆ ಮಾತ್ರ ಸೀಮಿತ. ಮನೆಯಲ್ಲಿ ನಾನು ಬಾಯಿ ಬಿಡುವುದು ಆಕಳಿಸುವುದಕ್ಕೆ ಮಾತ್ರ.) 'ಆ' ಎಂಬ ಒಂದಕ್ಷರ ಬಿಟ್ಟರೆ ಬೇರೇನೂ ಉಚ್ಚರಿಸಲಾಗದೆ ಒರಗಿರುವ ಮನುಷ್ಯನಿಗೆ ನಾನು ಹವಾಮಾನದ ಬಗ್ಗೆ ಹೇಳಲಿ, ರಾಜಕೀಯದ ಬಗ್ಗೆ ಹೇಳಲಿ, ಒಪ್ಪದೆ ಗತಿಯಿಲ್ಲ. ನಾನು ಹೇಳುತ್ತಿದ್ದದ್ದು ಸಿನಿಮಾದ ಬಗ್ಗೆ.

ಮದುವೆಯಾದ ಹದಿನೇಳು ವರ್ಷಗಳಿಂದ ನಾನೂ ನನ್ನಾಕೆಯೂ ಪ್ರತಿ ಶನಿವಾರ ಮಧ್ಯಾಹ್ನದ ಆಟಕ್ಕೆ ಹೋಗುತ್ತೇವೆ. ಹೊಡೆದಾಟದ್ದೋ, ಕಣ್ಣೀರಿನದೋ, ದೆವ್ವದ್ದೋ, ಯಾವುದು ಓಡುತ್ತಿದೆಯೋ ಅದು. ನಮ್ಮದು ಪಂಡಿತರ ನೋಟವಲ್ಲ. ಆದರೂ ನಮ್ಮ ಬಡಾವಣೆಯಲ್ಲಿ ನಾನು ಸಿನಿಮಾ ಬಲ್ಲವನೆಂದು ಹೆಸರಾಗಿದ್ದೆ. ಡಾಕ್ಟರು ಚೆನ್ನಾಗಿದೆ ಅಂದರಾ ಎಂದು ವಿಚಾರಿಸಿಕೊಂಡೇ ಟಿಕೆಟ್ಟು ತೆಗೆಸುವ ಮನೆಗಳಿದ್ದವು.

ಗುಟ್ಟು ಹೇಳಿಬಿಡುತ್ತೇನೆ. ಇಂಟರ್‌ವಲ್ ಮುಗಿದು ದೀಪ ಆರಿದೊಡನೆ ನನಗೆ ನಿದ್ದೆ ಬರುತ್ತದೆ. ಬಾಗಿಲು ತಟ್ಟಿ ಬರುವ ನಿದ್ದೆಯಲ್ಲ, ಬಂದು ಎದೆಯ ಮೇಲೆ ಕೂರುವ ನಿದ್ದೆ. ಪರದೆಯ ಮೇಲೆ ಬಾಂಬು ಸಿಡಿಯಲಿ, ನಾಯಕಿಯ ತಂದೆಗೆ ಹೃದಯಾಘಾತವಾಗಲಿ, ಜನ ಎದ್ದು ನನ್ನ ಕಾಲು ತುಳಿಯುವವರೆಗೆ ನನಗೆ ಎಚ್ಚರವಿಲ್ಲ. ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತ ನನ್ನಾಕೆ ಉಳಿದರ್ಧ ಕಥೆಯನ್ನೂ ಅದರ ಮೇಲೆ ತನ್ನ ಅಭಿಪ್ರಾಯವನ್ನೂ ನನಗೆ ಹೇಳುತ್ತಾಳೆ. ಸೋಮವಾರದಿಂದ ನಾನು ಅದನ್ನು ರೋಗಿಗಳಿಗೆ ಹೇಳುತ್ತೇನೆ. ಹೀಗೆ ಅವಳ ಕಿವಿಮಾತೇ ನನ್ನ ಬಾಯಿಮಾತಾಗಿ, ಕೀರ್ತಿ ಮಾತ್ರ ನನ್ನ ಪಾಲಿಗೆ ಬರುತ್ತಿತ್ತು.

ಅವಳಿಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಅವಳ ದವಡೆ ಹಲ್ಲು ನೋಯತೊಡಗಿದ ದಿನ. ಕುರ್ಚಿಯಲ್ಲಿ ಒರಗಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬಾಯಿಯ ತುಂಬ ಹತ್ತಿಯಿಟ್ಟಿದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಕಾಯುತ್ತಿದ್ದ ಬ್ಯಾಂಕಿನ ಕ್ಯಾಶಿಯರ್ ಹಿಂದಿನ ವಾರದ ಚಿತ್ರ ಹೇಗಿತ್ತೆಂದು ಕೇಳಿದರು. ಅಭ್ಯಾಸಬಲ ನೋಡಿ, ನಾಲಿಗೆ ತಾನೇ ಹೊರಳಿತು.

"ನಾಯಕ ಅಷ್ಟೊಂದು ಅತ್ತರೂ ನಮಗೆ ಅಳು ಬರಲಿಲ್ಲ. ಯಾಕೆ ಅಂದ್ರೆ, ನಮ್ಮ ಪಾಲಿನದನ್ನೂ ಅವನೇ ಅತ್ತು ಮುಗಿಸಿಬಿಟ್ಟ."

ಕ್ಯಾಶಿಯರ್ ಮೆಚ್ಚಿ ತಲೆದೂಗಿದರು. ಕುರ್ಚಿಯಿಂದ "ಆಂ! ಆಂ!" ಎಂಬ ಆರ್ತನಾದ ಕೇಳಿತು. ನಾನು ಹೇಳಿದ್ದು ಅಕ್ಷರಶಃ ಅವಳ ಮಾತು, ಎರಡು ದಿನದ ಹಿಂದೆ ಸ್ಕೂಟರಿನ ಮೇಲೆ ಆಡಿದ್ದು. ನಾನು ಗಾಬರಿಯಲ್ಲಿ, ನೋಡಿ, ನನ್ನವಳೂ ಒಪ್ಪುತ್ತಿದ್ದಾಳೆ ಎಂದುಬಿಟ್ಟೆ.

ಇಂಜೆಕ್ಷನ್ನಿನ ಪ್ರಭಾವ ಎರಡು ಗಂಟೆಗೆ ಇಳಿಯಿತು. ಮೌನ ಮಾತ್ರ ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು:

"ಬಾಯಿಗೆ ಹತ್ತಿ ತುರುಕಿ, ನನ್ನ ಮಾತನ್ನ ನನ್ನೆದುರಿಗೇ ಕದ್ರಿ. ಇರಲಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಇರಲಿ'ಯ ಹಿಂದೆ ಏನೋ ಕಾದಿದೆ ಎನಿಸಿತು.

ಅದೇ ವಾರ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಕ್ಲಿನಿಕ್ಕಿಗೆ ಬಂದರು. ಭಾನುವಾರ ಸಂಜೆ ಸಂಘದ ಹಾಲಿನಲ್ಲಿ ಚಿತ್ರಸಂವಾದವಂತೆ. ಊರೆಲ್ಲ ಮುಗಿಬಿದ್ದು ನೋಡುತ್ತಿರುವ ಅಂಚೆಯವನ ಸಿನಿಮಾದ ಬಗ್ಗೆ ನಾನೇ ಮಾತಾಡಬೇಕಂತೆ. ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿರುವ ಶ್ರೋತೃಗಳ ಮುಂದೆ ನಿಲ್ಲುವ ಭಾಗ್ಯ. ಹಿಂದುಮುಂದು ನೋಡದೆ ಒಪ್ಪಿಕೊಂಡೆ.

ಶನಿವಾರ ಹೋದೆವು. ಮೊದಲರ್ಧದಲ್ಲಿ ನಾಯಕ ಸೈಕಲ್ಲಿನಲ್ಲಿ ಮನೆಮನೆಗೆ ಕಾಗದ ಹಂಚುತ್ತಾನೆ. ಅವನ ತಾಯಿಗೆ ಮರೆವಿನ ಕಾಯಿಲೆ. ಕಲ್ಲುಗಣಿಯ ಮಾಲೀಕ ಖಳ. ಇಂಟರ್‌ವಲ್ಲಿಗೆ ಸರಿಯಾಗಿ ಖಳನ ಲಾರಿ ನಾಯಕನನ್ನು ಸೈಕಲ್ ಸಮೇತ ಸೇತುವೆಯಿಂದ ಹೊಳೆಗೆ ತಳ್ಳಿತು. ದೀಪ ಹತ್ತಿತು, ಆರಿತು, ನಾನೂ ಮುಳುಗಿದೆ.

ವಾಪಸು ಬರುವಾಗ ಬಹಳ ವಿನಯದಿಂದ ಮುಂದಿನ ಕಥೆ ಕೇಳಿದೆ. ಅವಳು ಶಾಂತವಾಗಿ ಹೇಳಿದಳು. ನಾಯಕ ಸತ್ತೇ ಹೋದನಂತೆ. ಅವನ ಚೀಲದಲ್ಲಿ ಉಳಿದಿದ್ದ ಕಾಗದಗಳನ್ನು ಆ ಮರೆವಿನ ತಾಯಿಯೇ ಒಂದೊಂದಾಗಿ ಹಂಚುತ್ತ ಹೋದಳಂತೆ. ಕೊನೆಯ ಕಾಗದ ಖಳನ ಮನೆಯದೇ ಆಗಿತ್ತಂತೆ. ಅದನ್ನು ಅವಳ ಕೈಯಿಂದಲೇ ತೆಗೆದುಕೊಂಡವನು ಅಂದೇ ಪೊಲೀಸ್ ಠಾಣೆಗೆ ಹೋಗಿ ಶರಣಾದನಂತೆ. ಹೊಡೆದಾಟವೇ ಇಲ್ಲವಂತೆ.

ನನಗೆ ನಗು ಬಂತು. ಈ ಸುಳ್ಳು ಕಥೆಯೇ ಆ 'ಇರಲಿ'ಯ ಫಲವೆಂದು ತಕ್ಷಣ ಹೊಳೆಯಿತು. ನನ್ನನ್ನು ಯಾರೆಂದುಕೊಂಡಿದ್ದಾಳೆ? ಹದಿನೇಳು ವರ್ಷದ ಮೊದಲರ್ಧಗಳನ್ನು ಅರೆದು ಕುಡಿದವನು ನಾನು. ಜನಪ್ರಿಯ ಸಿನಿಮಾದಲ್ಲಿ ನೀರಿಗೆ ಬಿದ್ದ ನಾಯಕ ಸತ್ತ ಉದಾಹರಣೆಯಿದೆಯೇ? ಅವನ ಪಾಲಿಗೆ ಹೊಳೆಯೆಂದರೆ ಸ್ನಾನ. ಎದ್ದು ಬರುವಾಗ ಗಡ್ಡ ಬೆಳೆದಿರುತ್ತದೆ, ಅಷ್ಟೆ. ಮತ್ತೆ ಮರೆವಿನ ತಾಯಿಯನ್ನು ಸುಮ್ಮನೆ ಇಟ್ಟಿರುತ್ತಾರೆಯೇ? ಕೊನೆಯಲ್ಲಿ ತಲೆಗೆ ಪೆಟ್ಟು ಬಿದ್ದು 'ಮಗನೇ' ಎನ್ನುವುದಕ್ಕೇ ಆ ಕಾಯಿಲೆ.

ನಿಜವಾಗಿಯೂ ಹೀಗೇನಾ ಎಂದು ಮನೆಯ ಗೇಟಿನ ಹತ್ತಿರ ಇನ್ನೊಮ್ಮೆ ಕೇಳಿದೆ.

"ನಂಬೋದಾದ್ರೆ ನಂಬಿ, ಬಿಡೋದಾದ್ರೆ ಬಿಡಿ" ಎಂದಳು.

ಬಿಟ್ಟೆ.

ಭಾನುವಾರ ಹಾಲಿನಲ್ಲಿ ನಲವತ್ತು ಜನ. ನನ್ನಾಕೆ ಮೊದಲ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲರ್ಧದ ಬಗ್ಗೆ ಹದಿನೈದು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಎರಡು ಸಲ ಚಪ್ಪಾಳೆಯೂ ಬಿತ್ತು. ಹುಮ್ಮಸ್ಸು ಏರಿತು. ಮೀನುಗಾರರು ನಾಯಕನನ್ನು ಬದುಕಿಸಿದ್ದು, ಗಡ್ಡದಿಂದಾಗಿ ನಾಯಕಿಗೆ ಗುರುತು ಸಿಗದಿದ್ದದ್ದು, ಗಣಿಯಲ್ಲಿ ನಡೆದ ಘನಘೋರ ಕಾಳಗ, ತಾಯಿಯ ತಲೆಗೆ ಉರುಳಿದ ಕಲ್ಲು, ಮರಳಿದ ನೆನಪು, ಎಲ್ಲವನ್ನೂ ವರ್ಣಿಸಿ, ಕಾಳಗದ ದೃಶ್ಯ ಸ್ವಲ್ಪ ಉದ್ದವಾಯಿತೆಂದು ನಿರ್ದೇಶಕರನ್ನು ಮೃದುವಾಗಿ ಗದರಿಸಿದೆ. ಹಾಲಿನಲ್ಲಿ ಮೊದಲು ಪಿಸುಮಾತು, ಆಮೇಲೆ ನಗು. ಸವಿಯುತ್ತಿದ್ದಾರೆ ಎಂದುಕೊಂಡೆ.

ನಿವೃತ್ತ ಹೆಡ್‌ಮಾಸ್ಟರೊಬ್ಬರು ಎದ್ದು ನಿಂತರು. ಅವರ ಬಾಯಲ್ಲಿದ್ದ ಮೂವತ್ತೆರಡೂ ನಾನೇ ಕಟ್ಟಿಕೊಟ್ಟದ್ದು.

"ಡಾಕ್ಟ್ರೇ, ನಾವು ನೋಡಿದ ಸಿನಿಮಾದಲ್ಲಿ ಆ ಹುಡುಗ ಸತ್ತೋದ. ನೀವು ನೋಡಿದ್ದು ಯಾವ ಥಿಯೇಟರಲ್ಲಿ?"

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಇಂಜೆಕ್ಷನ್ ಇಲ್ಲದೆಯೇ ಮರಗಟ್ಟಿ ನಿಂತೆ. ನನ್ನಾಕೆಯ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಎದ್ದು ನಿಂತು, ಸಮಾಧಾನದಿಂದಲೇ ಹೇಳಿದಳು:

"ಅವರದ್ದು ತಪ್ಪಿಲ್ಲ. ಎರಡನೇ ಅರ್ಧ ಅವರು ನೋಡೋದೇ ಇಲ್ಲ, ನಿದ್ದೆ ಮಾಡ್ತಾರೆ. ನಾನು ನಿಜ ಹೇಳಿದ್ದೆ. ನಂಬಲಿಲ್ಲ."

ಕಾರ್ಯದರ್ಶಿ ಅವಳನ್ನೇ ಮುಂದೆ ಕರೆದು ಮೈಕು ಕೊಟ್ಟರು. ನಾನು ಅವಳ ಖಾಲಿ ಕುರ್ಚಿಯಲ್ಲಿ, ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಕೈಬೀಸದೆ, ದೊಡ್ಡ ಪದಗಳಿಲ್ಲದೆ, ಅಡುಗೆಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು. ಮಗ ಸತ್ತದ್ದು ತಾಯಿಗೆ ತಿಳಿಯದಿರಲೆಂದು ಊರೆಲ್ಲ ಮುಚ್ಚಿಡುವುದನ್ನು ಹೇಳಿದ ಮೇಲೆ ಇಷ್ಟು ಸೇರಿಸಿದಳು:

"ನನಗನ್ನಿಸಿದ್ದು, ಅವಳಿಗೆ ಎಲ್ಲ ನೆನಪಿತ್ತು. ಮುಚ್ಚಿಡ್ತಿರೋರಿಗೆ ನೋವಾಗಬಾರ್ದು ಅಂತ ಮರೆತವಳ ಹಾಗೆ ಇದ್ಲು."

ನನ್ನ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ತಮ್ಮ ಕರವಸ್ತ್ರ ಕೊಟ್ಟರು. ಈ ಮಾತುಗಳನ್ನು ಇಷ್ಟು ವರ್ಷ ಸ್ಕೂಟರಿನ ಮೇಲೆ ಗಾಳಿಯಲ್ಲಿ ಕೇಳಿಸಿಕೊಂಡು, ನನ್ನದೆಂದು ಹಂಚಿದ್ದಕ್ಕೆ ಮೊದಲ ಸಲ ನಾಚಿಕೆಯಾಯಿತು. ಮನೆಗೆ ಬಂದು ತಪ್ಪೊಪ್ಪಿಕೊಂಡೆ. ಇನ್ನು ಮುಂದೆ ಪೂರ್ತಿ ಸಿನಿಮಾ ನೋಡಿ, ನನ್ನ ಸ್ವಂತ ಅಭಿಪ್ರಾಯ ಮಾತ್ರ ಹೇಳುತ್ತೇನೆಂದು ಮಾತು ಕೊಟ್ಟೆ. ನೋಡೋಣ ಎಂದಳು. ಈ ಸಲ ಮುಖದಲ್ಲಿ ನಗುವಿತ್ತು.

ಮುಂದಿನ ಶನಿವಾರ ದ್ವಿತೀಯಾರ್ಧವನ್ನು ಎಚ್ಚರವಾಗಿಯೇ ನೋಡಿದೆ. ತೊಡೆ ಚಿವುಟಿಕೊಂಡೆ, ಎರಡು ಸಲ ಗೋಡೆಗೆ ಒರಗಿ ನಿಂತು ನೋಡಿದೆ. ಅಣ್ಣತಮ್ಮಂದಿರಿಬ್ಬರು ಒಂದೇ ರೈಲಿನ ಬೇರೆ ಬೇರೆ ಬೋಗಿಗಳಲ್ಲಿ ಇಪ್ಪತ್ತು ವರ್ಷ ಓಡಾಡಿಯೂ ಭೇಟಿಯಾಗದ ಕರುಣಾಜನಕ ಕಥೆ. ಕೊನೆಯಲ್ಲಿ ಅವರು ಅಪ್ಪಿಕೊಂಡಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಇಂಥ ಚಿತ್ರ ಮತ್ತೆ ಬರಲಾರದು ಎಂದೆ. ನನ್ನಾಕೆ, ಒಬ್ಬನಾದರೂ ಎದ್ದು ಪಕ್ಕದ ಬೋಗಿಗೆ ಹೋಗಿದ್ದರೆ ಹತ್ತು ನಿಮಿಷದಲ್ಲಿ ಎಲ್ಲರೂ ಮನೆಗೆ ಹೋಗಬಹುದಿತ್ತು ಎಂದಳು. ನಾನು ಜಗ್ಗಲಿಲ್ಲ. ಅಭಿಪ್ರಾಯ ನನ್ನದು, ಅಪ್ಪಟ ಸ್ವಂತದ್ದು.

ಸೋಮವಾರ ಬೆಳಿಗ್ಗೆ ಮೊದಲ ರೋಗಿ ಒಬ್ಬ ರೈಲ್ವೆ ಗಾರ್ಡು. ಊರಾಚೆಯ ಕ್ವಾರ್ಟರ್ಸಿನಿಂದ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಲು ಬರುವವರು. ನಮ್ಮ ಸಂಘದ ಸಂಗತಿ ಅವರಿಗೇನೂ ಗೊತ್ತಿಲ್ಲ. ಬಾಯಿ ಬಿಡಿಸಿ, ರೈಲಿನ ಚಿತ್ರದ ಹಿರಿಮೆಯನ್ನು ಅರ್ಧ ಗಂಟೆ, ಕಣ್ಣೊರೆಸಿಕೊಳ್ಳುತ್ತಲೇ ವಿವರಿಸಿದೆ. ಕೆಲಸ ಮುಗಿಯಿತು. ಅವರು ಬಾಯಿ ಮುಕ್ಕಳಿಸಿ ಉಗಿದು, ಮುಖ ಒರೆಸಿಕೊಂಡು, ನನ್ನನ್ನೇ ಕಾಳಜಿಯಿಂದ ನೋಡಿದರು.

"ಮುಂಚೆ ಎಷ್ಟು ಸೊಗಸಾಗಿ ಮಾತಾಡ್ತಿದ್ರಿ ಡಾಕ್ಟ್ರೇ. ಈಚೆಗೆ ನಿದ್ದೆ ಸರಿಯಾಗಿ ಆಗ್ತಿಲ್ವಾ?"