ಟಾಕಿಯೊಳಗಿನ ಮಾಳಮ್ಮ ಮತ್ತು ನಲವತ್ತು ಅಕ್ಷರಗಳ ನಿಯಮ

ನಮ್ಮ ಕಚೇರಿಯ ಕೋಡ್ ಟಿಪ್ಪಣಿಗಳನ್ನು ತಪಾಸಣೆ ಮಾಡುವ ಮಾನ್ಯ ಯಂತ್ರದವರ ಸನ್ನಿಧಿಗೆ,

ಜೇವರ್ಗಿಯಿಂದ ಕಲ್ಲಿನಾಥ ಮಾಡುವ ನಮಸ್ಕಾರಗಳು. ಮಾನ್ಯರೇ, ತಮಗೆ ಊಟ, ನಿದ್ದೆ, ರಜೆ ಯಾವುದೂ ಇಲ್ಲವೆಂದು ಕೇಳಿ ತಮ್ಮ ಆರೋಗ್ಯದ ಚಿಂತೆಯೂ ನನಗೆ ಹತ್ತಿಕೊಂಡಿದೆ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು, ಫೋನು ನೋಡಿ ಕೋಡ್ ಕಲಿತವನು. ಮಾತು ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಜೇರಿಯ ನೀರಿನ ಟಾಕಿ ಬರಿದಾದಾಗ ಮೋಟಾರು ತಾನಾಗಿ ಚಾಲೂ ಆಗುವ ಕೋಡ್ ಬರೆದವನು ನಾನೇ. ಆದರೆ ಟಾಕಿ ಬರಿದಾದಾಗಲೇ ಅದನ್ನು ತೊಳೆಯಲು ಆ ಊರಿನ ಮಾಳಮ್ಮ ಒಳಗಿಳಿಯುವುದರಿಂದ, ಮೋಟಾರು ಮೂವತ್ತು ನಿಮಿಷ ಕಾಯಲೆಂದು ಬರೆದು, ಮುಂದೆ ಓದುವವರಿಗಾಗಿ ಪಕ್ಕದಲ್ಲೇ ಒಂದು ಟಿಪ್ಪಣಿ ಹಾಕಿದ್ದೆ: ‘ದಯವಿಟ್ಟು ಇದನ್ನ ಕಮ್ಮಿ ಮಾಡಬ್ಯಾಡ್ರಿ, ಒಳಗ ಮಾಳಮ್ಮ ಇರ್ತಾಳ, ಆಕಿಗಿ ಮೊಣಕಾಲು ನೋವದ.’

ತಾವು ಅದನ್ನು ಏಳು ಸಲ ಮರಳಿಸಿದಿರಿ. ನಲವತ್ತು ಅಕ್ಷರ ಮೀರಿದೆ ಎಂದಿರಿ, ದಯವಿಟ್ಟು ಎನ್ನಬಾರದು ಎಂದಿರಿ, ವ್ಯಕ್ತಿಗಳ ಹೆಸರು ಸಲ್ಲದು ಎಂದಿರಿ. ಕೊನೆಗೆ ‘ಮೂವತ್ತು ನಿಮಿಷ ಕಾಯುತ್ತದೆ’ ಎಂದಷ್ಟೇ ಬರೆದಾಗ ಹಸಿರು ಗುರುತು ಕೊಟ್ಟು ಹರಸಿದಿರಿ. ತಮ್ಮ ಕೃಪೆಯಿಂದ ಈಗ ನಮ್ಮ ಟಿಪ್ಪಣಿಗಳೆಲ್ಲ ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳಂತೆ ಒಂದೇ ಸಾಲಿನಲ್ಲಿ ನಿಂತಿವೆ, ಒಂದೂ ಬಾಯಿ ಬಿಡುವುದಿಲ್ಲ.

ಕಚೇರಿಗೆ ಹೊಸದಾಗಿ ಬಂದ ಶೈಲಶ್ರೀ ಮೇಡಂ ಅದನ್ನು ಓದಿ, ಮೋಟಾರು ಸುಮ್ಮನೆ ಯಾಕೆ ಕಾಯಬೇಕೆಂದು ಮೂವತ್ತು ನಿಮಿಷವನ್ನು ಎರಡು ನಿಮಿಷ ಮಾಡಿದರು. ಅವರದೇನೂ ತಪ್ಪಿಲ್ಲ, ಕಾರಣ ಅಲ್ಲಿ ಬರೆದಿರಲೇ ಇಲ್ಲ. ಅದಕ್ಕೂ ತಾವು ಹಸಿರು ಗುರುತು ಕೊಟ್ಟಿರಿ. ಸೋಮವಾರ ಮಾಳಮ್ಮ ತಳದಲ್ಲಿ ಕಸಬರಿಗೆ ಆಡಿಸುತ್ತಿದ್ದಾಗ ನೀರು ಬಂತು. ಸೊಂಟದವರೆಗೆ ತೋಯ್ದು, ನಿಚ್ಚಣಿಕೆ ಹಿಡಿದು ಹೇಗೋ ಮೇಲೆ ಬಂದವಳು ನನಗೆ ಫೋನು ಮಾಡಿದಳು: “ಲೇ ಕಲ್ಲಿನಾಥ, ನಾ ಇನ್ನಾ ಒಳಗ ಅದೀನಿ ಅಂತ ನಿನ್ನ ಮಿಷಿನಿಗಿ ಯಾರೂ ಹೇಳಿಲ್ಲೇನೋ?”

ಏಳು ಸಲ ಹೇಳಿದ್ದೆ, ಮಾನ್ಯರೇ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದು ಸೋಮವಾರ ಇಜೇರಿಗೆ ದಯಮಾಡಿಸಿ, ಕಸಬರಿಗೆ ಹಿಡಿದು ಟಾಕಿಯೊಳಗೆ ಇಳಿದು, ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಅಲ್ಲಿನ ಪರಿಸ್ಥಿತಿಯನ್ನು ನಲವತ್ತು ಅಕ್ಷರ ಮೀರದಂತೆ, ದಯವಿಟ್ಟು ಎನ್ನದೆ, ಬರೆದು ತೋರಿಸಬೇಕೆಂದು ವಿನಂತಿ.

ನಿಯಮಕ್ಕೆ ತಲೆಬಾಗಿ ಕುತ್ತಿಗೆ ಹಿಡಿದುಕೊಂಡಿರುವ,
ತಮ್ಮ ವಿಶ್ವಾಸಿ,
ಕಲ್ಲಿನಾಥ

ವಿ.ಸೂ.: ತಾವು ಟಿಪ್ಪಣಿಗಳನ್ನಷ್ಟೇ ನೋಡುತ್ತೀರಿ, ಕೋಡಿನೊಳಗೆ ಅಂಕಿಗಳಿಗೆ ನಾವಿಡುವ ಹೆಸರುಗಳನ್ನು ನೋಡುವುದಿಲ್ಲ ಎಂದು ನಿನ್ನೆ ತಿಳಿಯಿತು. ಮೂವತ್ತನ್ನು ಮರಳಿ ತಂದು, ಅದಕ್ಕೆ ‘ಒಳಗ_ಮಾಳಮ್ಮ_ಅದಾಳ’ ಎಂದೇ ಹೆಸರಿಟ್ಟಿದ್ದೇನೆ. ಹಸಿರು ಗುರುತು ಕೊಟ್ಟಿದ್ದೀರಿ, ಉಪಕಾರವಾಯಿತು. ಟಿಪ್ಪಣಿ ಅಳಿಸಿದರೂ ಕೋಡ್ ನಡೆಯುತ್ತದೆ, ಹೆಸರು ಅಳಿಸಿದರೆ ನಡೆಯದು; ಇನ್ನು ಯಾರಾದರೂ ಆಕೆಯನ್ನು ಅಳಿಸಿದರೆ ಮೋಟಾರೇ ಚಾಲೂ ಆಗುವುದಿಲ್ಲ.